ಹಳೆಯ ಟೂ-ಟೂ ಕೋವಿಯ ಜಾತಕ



ಕಾಫಿಯ ಕಾಂಡಕೊರಕ, ಏಲಕ್ಕಿಯ ಕಟ್ಟೆ ರೋಗ, ಭತ್ತದ ಬೆಂಕಿ ರೋಗ ಇವನ್ನೆಲ್ಲ ಒಂದು ದಿನದ ಮಟ್ಟಿಗೆ ಬದಿಗಿಟ್ಟು ಈ ಹೊತ್ತು ಕೋವಿಯ ಮಾತು ತೆಗೆದಿದ್ದೇನೆ. "ಬೇಸಾಯದ ಆಫೀಸರಿಗೆ ಕೋವಿಯ ಉಸಾಬರಿ ಯಾಕ್ರೀ?" ಎಂದು ನೀವು ಕೇಳಬಹುದು. ಕೇಳತಕ್ಕದ್ದೇ. ನಾನು ಓದಿದ್ದು ಬೇಸಾಯದ ಡಿಪ್ಲೊಮಾ. ಕೋವಿಯ ವಿಚಾರದಲ್ಲಿ ನನಗಿರುವುದು ಎನ್‌ಸಿಸಿಯಲ್ಲಿ ಟೂ-ಟೂ ರೈಫಲ್ ಹಿಡಿದ ಅಭ್ಯಾಸ, ಆಮೇಲೆ ಕೊಡಗಿನ ಮಾವನ ಮನೆಯಲ್ಲಿ ಹತ್ತಾರು ವರ್ಷ ಕೋವಿ ಒರೆಸಿದ ಅನುಭವ, ಅಷ್ಟೆ. ಆದರೂ ಹೋದ ಮಳೆಗಾಲದ ಕೊನೆಯಲ್ಲಿ ನಡೆದ ಒಂದು ಸಂಗತಿಯನ್ನು ನಿಮಗೆ ಹೇಳಲೇಬೇಕು ಅನ್ನಿಸಿದೆ.

ಕೊಡಗಿನ ಒಂದು ತೋಟಕ್ಕೆ ಮಣ್ಣಿನ ಮಾದರಿ ತೆಗೆಯಲು ಹೋಗಿದ್ದೆ. ಕೈಲ್‌ಪೊಳ್ದ್ ಹಬ್ಬಕ್ಕೆ ನಾಲ್ಕೇ ದಿನ ಇತ್ತು. ಆಯುಧಪೂಜೆಯ ಹಬ್ಬ ಅದು. ಪೂಜೆ ಆದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವೂ ಇರುತ್ತದೆ. ಯಜಮಾನರು ಒಳಗಿನಿಂದ ಗೋಣಿತಟ್ಟಿನಲ್ಲಿ ಸುತ್ತಿದ ಒಂದು ರೈಫಲ್ ತಂದು ಜಗಲಿಯ ಮೇಲಿಟ್ಟರು. "ಸಾರ್, ಎರಡು ಎಮ್ಮೆಯ ದುಡ್ಡು ಸುರಿದು ಕೊಂಡಿದ್ದೇನೆ. ಇದರ ಜಾತಕ ಸ್ವಲ್ಪ ನೋಡಿ" ಎಂದರು. ಮಗನ ಕೈಯಲ್ಲಿ ಉಪ್ಪುಕಾಗದ. ಹಬ್ಬಕ್ಕೆ ಕೋವಿ ಫಳಫಳ ಹೊಳೆಯಬೇಕೆಂದು ಹುಡುಗ ಆಗಲೇ ನಳಿಗೆಯ ಬುಡವನ್ನು ಉಜ್ಜಲು ಶುರುಮಾಡಿದ್ದ. ಉಜ್ಜಿದ್ದು ಎಲ್ಲಿ? ಸರಿಯಾಗಿ ನಂಬರು ಕೊರೆದಿದ್ದ ಜಾಗದಲ್ಲಿ!

"ನಿಲ್ಲಿಸಪ್ಪಾ" ಎಂದು ನಾನು ಕೂಗಿದ ರಭಸಕ್ಕೆ ನಾಯಿ ಎದ್ದು ಓಡಿತು.

ನಂಬರಿನ ಮಾತಿಗೆ ಆಮೇಲೆ ಬರುತ್ತೇನೆ. ಕೋವಿ ಯಾರದೇ ಇರಲಿ, ಎಷ್ಟೇ ಹಳೆಯದಿರಲಿ, ಕೈಗೆ ತೆಗೆದುಕೊಂಡ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ. ನಳಿಗೆಯ ಬಾಯಿ ಜನರಿಲ್ಲದ ಕಡೆಗೆ ಇರಲಿ. ಬೆರಳು ಟ್ರಿಗರಿನಿಂದ ದೂರ ಇರಲಿ. ಬೋಲ್ಟು, ಅಂದರೆ ಬಾಗಿಲ ಚಿಲಕದ ಹಾಗೆ ಎತ್ತಿ ಹಿಂದಕ್ಕೆ ಎಳೆಯುವ ಆ ಕಬ್ಬಿಣದ ದಿಂಡು, ಅದನ್ನು ಪೂರಾ ಹಿಂದಕ್ಕೆ ಎಳೆದು ಒಳಗೆ ತೋಟೆ ಇದೆಯೇ ಎಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಬೇಕು. "ಇದು ಖಾಲಿ ಸಾರ್, ನಲವತ್ತು ವರ್ಷದಿಂದ ಯಾರೂ ಹೊಡೆದಿಲ್ಲ" ಎಂದು ಯಜಮಾನರು ಹೇಳಿದರು. ನಾನು ನೋಡಿದೆ, ಗುಂಡಿನ ಮನೆ ಖಾಲಿಯೇ ಇತ್ತು. ಆದರೆ ನಳಿಗೆಯ ಕೆಳಗೆ ಅದಕ್ಕಂಟಿಕೊಂಡು ಇನ್ನೊಂದು ಸಪೂರ ಕೊಳವೆ ಇತ್ತು. ಕೆಲವು ಟೂ-ಟೂ ಕೋವಿಗಳಲ್ಲಿ ತೋಟೆಗಳನ್ನು ಸಾಲಾಗಿ ತುಂಬುವುದು ಇಂಥ ಕೊಳವೆಯಲ್ಲಿ. ಮುಂದಿನ ತುದಿಯನ್ನು ತಿರುಗಿಸಿ ಒಳಕೊಳವೆಯನ್ನು ಎಳೆದು ಕೋವಿಯನ್ನು ಬಗ್ಗಿಸಿದೆ. ಟಣ್, ಟಣ್ ಎಂದು ಎರಡು ತೋಟೆ ಜಗಲಿಗೆ ಬಿದ್ದವು. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು. ಆ ಜಗಲಿಯ ಮೇಲೆಯೇ ಆ ಮನೆಯ ಇಬ್ಬರು ಮಕ್ಕಳು ಹಿಂದಿನ ದಿನವಿಡೀ ಅದೇ ಕೋವಿ ಹಿಡಿದು ಪೊಲೀಸು-ಕಳ್ಳ ಆಡಿದ್ದರಂತೆ. ಅವರ ತಾಯಿ ಬಾಗಿಲಲ್ಲಿ ನಿಂತವರು ಹಾಗೆಯೇ ಕುಸಿದು ಕೂತರು.

ಇನ್ನು ಈ ಟೂ-ಟೂ ಎಂದರೇನು? ನಳಿಗೆಯ ರಂಧ್ರದ ಅಗಲ ಸುಮಾರು 0.22 ಅಂಗುಲ, ನಮ್ಮ ಈಗಿನ ಲೆಕ್ಕದಲ್ಲಿ 5.6 ಮಿಲಿಮೀಟರ್. ಇದರ ತೋಟೆಯನ್ನು ರಿಮ್‌ಫೈರ್ ಎನ್ನುತ್ತಾರೆ. ನಮ್ಮ ಒಂಟಿ ನಳಿಗೆ, ಜೋಡು ನಳಿಗೆಯ ಕೋವಿಗಳ ತೋಟೆಯ ಬುಡದ ನಡುವೆ ಒಂದು ಕೇಪು ಕೂತಿರುತ್ತದಲ್ಲ, ಇದರಲ್ಲಿ ಅದಿಲ್ಲ. ಹಿತ್ತಾಳೆ ಚಿಪ್ಪಿನ ಬುಡದ ಅಂಚು ಮಡಿಚಿರುತ್ತದೆ; ಆ ಮಡಿಕೆಯೊಳಗೇ ಕಿಡಿಮದ್ದು ತುಂಬಿರುತ್ತದೆ. ಕೋವಿಯ ಮೊಳೆ ಅಂಚಿಗೆ ಹೊಡೆದರೆ ಬೆಂಕಿ. ಈ ಜಾತಿಯಲ್ಲಿ ಶಾರ್ಟ್ ಎಂಬ ಗಿಡ್ಡ ತೋಟೆ 1857ರಷ್ಟು ಹಳೆಯದು. ಈಗ ಎಲ್ಲ ಕಡೆ ನಡೆಯುವ ಲಾಂಗ್ ರೈಫಲ್ ಎಂಬ ತೋಟೆ ಅಮೆರಿಕದಲ್ಲಿ 1887ರಲ್ಲಿ ಬಂತು. ಗುಂಡಿನ ತೂಕ ಸಾಧಾರಣವಾಗಿ 40 ಗ್ರೇನು, ಎಂದರೆ ಎರಡೂವರೆ ಗ್ರಾಮಿಗೆ ಸ್ವಲ್ಪ ಮೇಲೆ. ಚಿಕ್ಕದೆಂದು ಅಸಡ್ಡೆ ಬೇಡ. ಮೇಲಕ್ಕೆ ಹೊಡೆದ ಗುಂಡು ಒಂದು ಮೈಲಿಗೂ ಆಚೆ ಹೋಗಿ ಬೀಳಬಲ್ಲದು; ಅಲ್ಲಿ ಯಾರು ಕಾಫಿ ಕುಯ್ಯುತ್ತಿದ್ದಾರೋ ಯಾರಿಗೆ ಗೊತ್ತು?

ಹಾಗೆಂದು ಕಾಡುಹಂದಿಗೆ ಇದು ಆಯುಧವಲ್ಲ. ಗಾಯಗೊಂಡ ಹಂದಿ ಏನು ಮಾಡುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮೇಲಾಗಿ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅಧಿಕಾರಿಗಳ ಅಪ್ಪಣೆ ಇಲ್ಲದೆ ಕಾಡುಪ್ರಾಣಿಗೆ ಕೋವಿ ಎತ್ತುವಂತಿಲ್ಲ. ಟೂ-ಟೂ ರೈಫಲ್ ಇರುವುದು ಗುರಿಯ ಅಭ್ಯಾಸಕ್ಕೆ, ಪಂದ್ಯಕ್ಕೆ. ಅದರಲ್ಲಿ ಇದನ್ನು ಮೀರಿಸಿದ್ದು ಇಲ್ಲ.

ಈಗ ಜಾತಕಕ್ಕೆ ಬರೋಣ. ಎತ್ತು ಕೊಳ್ಳುವಾಗ ನಾವು ಮಾರುವವನ ಮಾತು ಕೇಳುತ್ತೇವೆಯೆ? ಇಲ್ಲ, ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ಕೋವಿಗೂ ಹಲ್ಲಿದೆ. ಯಜಮಾನರಿಗೆ ಮಾರಿದವರು, "ಇದು 1920ರಲ್ಲಿ ಒಬ್ಬ ಬಿಳಿ ದೊರೆ ನಮ್ಮ ಅಜ್ಜನಿಗೆ ಬಹುಮಾನ ಕೊಟ್ಟದ್ದು" ಎಂದು ಹೇಳಿದ್ದರಂತೆ. ಆ ಕತೆಗೇ ಅರ್ಧ ಎಮ್ಮೆಯ ದುಡ್ಡು ಹೋಗಿತ್ತು. ನಾವು ಕೋವಿಯನ್ನೇ ಕೇಳಿದೆವು.

ನಳಿಗೆಯ ಮೇಲೆ ಮೂರು ಕೋವಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಚಿತ್ರ, ಹುಲ್ಲಿನ ಹೊರೆ ನಿಲ್ಲಿಸಿದ ಹಾಗೆ. ಇದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿಯ ಗುರುತು. 1861ರಲ್ಲಿ ಅಲ್ಲಿನ ಕೋವಿ ಕಮ್ಮಾರರು ಕೂಡಿ ಕಟ್ಟಿದ ಕಂಪನಿ. ಬಿಎಸ್‌ಎ ಎಂದರೆ ನಿಮಗೆ ಸೈಕಲ್ ನೆನಪಾಗುತ್ತದೆ. ಆ ಹೆಸರಿನ ಮೂಲವೂ ಇದೇ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಈ ಕಂಪನಿ ಸ್ಪೋರ್ಟ್ಸ್‌ಮನ್ ಎಂಬ ಹೆಸರಿನಲ್ಲಿ ಬೋಲ್ಟಿನ ಟೂ-ಟೂಗಳನ್ನು ಮಾಡಿತು. ಫೈವ್, ಟೆನ್, ಫಿಫ್ಟೀನ್ ಎಂದು ಅವುಗಳ ಹೆಸರು. ಈ ಫಿಫ್ಟೀನ್ ಎಂಬುದೇ ಕೆಳಗೆ ಕೊಳವೆ ಇರುವಂಥದು. ಯಜಮಾನರ ಕೋವಿಯ ಮೇಲೆ ಆ ಹೆಸರು ಸವೆದಿದ್ದರೂ ಓರೆ ಬೆಳಕಿನಲ್ಲಿ ಓದಲು ಬಂತು. ಅಂದರೆ 1920ರ ಕತೆ ಅಲ್ಲಿಗೇ ಬಿತ್ತು.

ಆಮೇಲೆ ಪರೀಕ್ಷೆಯ ಮುದ್ರೆ ನೋಡಿದೆವು. ನೀವು ಬೀಜ ಕೊಳ್ಳುವಾಗ ಚೀಲಕ್ಕೆ ಪ್ರಮಾಣಪತ್ರದ ಚೀಟಿ ಕಟ್ಟಿದೆಯೇ ಎಂದು ನೋಡುವುದಿಲ್ಲವೆ? ಹಾಗೆಯೇ ಅನೇಕ ದೇಶಗಳಲ್ಲಿ ಮಾರಾಟಕ್ಕೆ ಬಿಡುವ ಮುಂಚೆ ಪ್ರತಿಯೊಂದು ಕೋವಿಗೂ ರೂಢಿಗಿಂತ ಹೆಚ್ಚು ಬಿರುಸಿನ ತೋಟೆ ಹಾಕಿ ಹೊಡೆದು ನೋಡುತ್ತಾರೆ. ತಾಳಿಕೊಂಡರೆ ನಳಿಗೆಯ ಮೇಲೆ ಮುದ್ರೆ. ಬರ್ಮಿಂಗ್‌ಹ್ಯಾಮಿನಲ್ಲಿ ಇದಕ್ಕೆಂದೇ 1813ರಿಂದ ಒಂದು ಪರೀಕ್ಷಾಗೃಹ ಇದೆ. ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಎಂದು ಬೇರೆ ಬೇರೆಯಾಗಿ ಒತ್ತಿದ್ದರೆ ಅದು 1904ರ ನಿಯಮಗಳ ಕಾಲದ್ದು. 1954ರ ಹೊಸ ನಿಯಮಗಳು ಬಂದ ಮೇಲೆ ಕಿರೀಟದ ಕೆಳಗೆ ಬಿಎನ್‌ಪಿ ಎಂಬ ಮೂರಕ್ಷರ ಒಟ್ಟಿಗೆ ಬರುತ್ತದೆ. ಯಜಮಾನರ ಕೋವಿಯಲ್ಲಿ ಇದ್ದದ್ದು ಹಳೆಯ ಮುದ್ರೆಗಳು. ಯುದ್ಧದ ನಂತರದ ಹೆಸರು, 1954ಕ್ಕೆ ಹಿಂದಿನ ಮುದ್ರೆ! ಎರಡನ್ನೂ ಕೂಡಿಸಿದರೆ ಕೋವಿ 1945ಕ್ಕೂ 1955ಕ್ಕೂ ನಡುವೆ ಹುಟ್ಟಿದ್ದು ಎಂದು ಎತ್ತಿನ ವಯಸ್ಸು ಹೇಳಿದಷ್ಟೇ ಧೈರ್ಯವಾಗಿ ಹೇಳಬಹುದು. "ಹಾಗಾದರೆ ದೊರೆ ಕೊಟ್ಟದ್ದಲ್ಲವೆ?" ಎಂದು ಯಜಮಾನರ ಮುಖ ಸಪ್ಪಗಾಯಿತು. ದೊರೆ ಯಾರಾದರೇನು, ಕೋವಿ ಒಳ್ಳೆಯದೇ ಇತ್ತು.

ನಿಮ್ಮ ಕೈಗೆ ಬಂದದ್ದು ಬೇರೆ ದೇಶದ್ದಾಗಿರಬಹುದು. ಜೆಕ್ ದೇಶದ ಬ್ರನೊ ಕೋವಿಗಳಿಗೆ ನಮ್ಮಲ್ಲಿ ಬಹಳ ಹೆಸರು. ಅವುಗಳಲ್ಲಿ ಸಿಂಹದ ಮುದ್ರೆಯೂ ಪಕ್ಕದಲ್ಲಿ ಇಸವಿಯ ಕೊನೆಯ ಎರಡಂಕಿಯೂ ಇರುವುದುಂಟು. ಹಾಗಿದ್ದರೆ ಲೆಕ್ಕ ಹಾಕುವ ತೊಂದರೆಯೇ ಇಲ್ಲ. ಜರ್ಮನಿಯದಾದರೆ ಎನ್ ಅಕ್ಷರದ ಮೇಲೆ ಕಿರೀಟ ಇದ್ದರೆ 1940ಕ್ಕೆ ಹಿಂದಿನದು, ಹದ್ದು ಇದ್ದರೆ ಆಮೇಲಿನದು. ಜರ್ಮನ್ ಕೋವಿಯ ಮೇಲೆ ಬರ್ಮಿಂಗ್‌ಹ್ಯಾಮಿನ ಮುದ್ರೆಯೂ "ನಾಟ್ ಇಂಗ್ಲಿಷ್ ಮೇಕ್" ಎಂಬ ಬರಹವೂ ಕಂಡರೆ ಗಾಬರಿಬೇಡ, ಅದು ಇಂಗ್ಲೆಂಡಿನ ಮೂಲಕ ಬಂದದ್ದು, ಅಷ್ಟೆ. ನಮ್ಮ ದೇಶದಲ್ಲೇ ಇಚಾಪುರದ ಸರಕಾರಿ ಕಾರ್ಖಾನೆ ಮಾಡಿದ ಟೂ-ಟೂಗಳೂ ಇವೆ. ಅವು ನೋಡಲು ಒರಟಾದರೂ ಗಟ್ಟಿ, ಬಿಡಿಭಾಗ ಹುಡುಕುವುದೂ ಪರದೇಶದ್ದಕ್ಕಿಂತ ಸುಲಭ. 1980ರ ದಶಕದಿಂದ ಖಾಸಗಿಯವರು ಹೊರದೇಶದ ಕೋವಿ ತರಿಸುವುದಕ್ಕೆ ಬಿಗಿ ಬಿದ್ದ ಕಾರಣ ಪರದೇಶದ ಹಳೆಯ ಕೋವಿಗೆ ಇಲ್ಲದ ಬೆಲೆ ಏರಿದೆ. ಹೆಸರಿಗೆ ಅರ್ಧ ಬೆಲೆ, ನಳಿಗೆಗೆ ಅರ್ಧ ಬೆಲೆ ಎಂದು ಇಟ್ಟುಕೊಳ್ಳಿ.

ಆ ನಳಿಗೆಯ ಒಳಗನ್ನು ನೋಡದೆ ಕೊಳ್ಳಲೇಬೇಡಿ. ಬೋಲ್ಟಿನ ಕೋವಿಯ ದೊಡ್ಡ ಅನುಕೂಲ ಇದು: ಬೋಲ್ಟನ್ನು ಪೂರಾ ಹೊರತೆಗೆದರೆ ಬುಡದಿಂದ ತುದಿಯವರೆಗೆ ಬೆಳಕು ಹಾಯುತ್ತದೆ. ನಳಿಗೆಯ ತುದಿಯನ್ನು ಬಿಳಿ ಗೋಡೆಯ ಕಡೆ ಹಿಡಿದು ಬುಡದಿಂದ ಇಣುಕಿ. ಒಳಗೋಡೆಯಲ್ಲಿ ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಹೋಗುವ ಸಣ್ಣ ಕಾಲುವೆಗಳು ಕಾಣುತ್ತವೆ. ಟೂ-ಟೂದಲ್ಲಿ ಸಾಮಾನ್ಯವಾಗಿ 16 ಅಂಗುಲಕ್ಕೆ ಒಂದು ಸುತ್ತು. ಗುಂಡು ಬುಗುರಿಯಂತೆ ಸುತ್ತುತ್ತ ನೆಟ್ಟಗೆ ಹೋಗುವುದು ಇವುಗಳಿಂದ. ಕಾಲುವೆಗಳ ಅಂಚು ಚೂಪಾಗಿ ಹೊಳೆಯುತ್ತಿದ್ದರೆ ನಿಮ್ಮ ಅದೃಷ್ಟ. ಅಲ್ಲಲ್ಲಿ ಸಿಡುಬಿನ ಕಲೆಯಂತೆ ಕಪ್ಪು ಕುಳಿ ಕಂಡರೆ ತುಕ್ಕು ತಿಂದಿದೆ. ಸ್ವಲ್ಪ ಇದ್ದರೆ ಗುರಿಗೆ ಅಷ್ಟೇನೂ ಕುಂದಿಲ್ಲ. ಆದರೆ ಒಂದು ಕಡೆ ಬಳೆಯಂತೆ ಕಪ್ಪು ಉಂಗುರ ಕಂಡರೆ ಆ ಕೋವಿಯನ್ನು ಕೆಳಗಿಡಿ. ಹಿಂದೆ ಯಾವಾಗಲೋ ಒಳಗೆ ಸಿಕ್ಕಿಕೊಂಡ ಗುಂಡಿನ ಹಿಂದೆ ಇನ್ನೊಂದು ಗುಂಡು ಹೊಡೆದು ನಳಿಗೆ ಉಬ್ಬಿದ ಗುರುತು ಅದು. ಹೊರಗೆ ಬೆರಳಾಡಿಸಿದರೆ ಕೆಲವೊಮ್ಮೆ ಉಬ್ಬು ಕೈಗೂ ಸಿಗುತ್ತದೆ.

ತುಕ್ಕಿನ ಕಾರಣ ಕೇಳಿದರೆ ನಿಮಗೆ ನಗು ಬಂದೀತು, ಯಾಕೆಂದರೆ ಅದು ನಿಮ್ಮ ಗೊಬ್ಬರದ ಕೊಟ್ಟಿಗೆಯಲ್ಲೇ ಇದೆ. ಹಿಂದಿನ ಕಾಲದ ತೋಟೆಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹೊಡೆದಾಗ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯ ಒಳಗೋಡೆಗೆ ಅಂಟುತ್ತದೆ. ಎಂದರೆ ನೀವು ಕಾಫಿಗೂ ಬಾಳೆಗೂ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್! ಬಾಯಿ ಬಿಚ್ಚಿದ ಆ ಚೀಲ ಆಷಾಢದಲ್ಲಿ ಹೇಗೆ ನೀರೂರಿ ಗಟ್ಟಿಯಾಗುತ್ತದೆಂದು ಬಲ್ಲಿರಿ. ನಳಿಗೆಯಲ್ಲೂ ಅದೇ ಕತೆ. ಎಣ್ಣೆ ಒರೆಸಿದರೆ ಉಪ್ಪು ಹೋಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ. ಅದಕ್ಕೇ ಹಳಬರು ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಾಕುತ್ತಿದ್ದರು. 1920ರ ದಶಕದ ಕೊನೆಯಿಂದ ಈ ಉಪ್ಪಿಲ್ಲದ ತೋಟೆಗಳು ಬರತೊಡಗಿದವು. ಇಂದಿನ ತೋಟೆ ಹೊಡೆದರೆ ನೀರು ಬೇಡ, ಒಣ ಬಟ್ಟೆಯೂ ತೆಳು ಎಣ್ಣೆಯೂ ಸಾಕು.

ಎಣ್ಣೆ ಎಂದಾಗ ತಾಯಂದಿರು ತೆಂಗಿನೆಣ್ಣೆ ಬಾಟಲಿ ತಂದುಕೊಡುತ್ತಾರೆ. ಬೇಡಿ. 24 ಡಿಗ್ರಿಗಿಂತ ಚಳಿಯಾದರೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ಬೋಲ್ಟೂ ಅದರೊಂದಿಗೆ ಬಿಗಿಯುತ್ತದೆ. ಹಳತಾದರೆ ಅಂಟು. ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆ ಎರಡು ಹನಿ ಸಾಕು. ಮರದ ಹಿಡಿಗೆ ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿದರೆ ಹಳೆಯ ಅಕ್ರೋಟು ಮರದ ಗೆರೆಗಳು ಜೀವ ಬಂದ ಹಾಗೆ ಮೇಲೇಳುತ್ತವೆ. ಆ ಚೆಲುವು ನೋಡಿ ಆನಂದಪಡಿ, ಮೇಲೆ ವಾರ್ನಿಷ್ ಮಾತ್ರ ಬಳಿಯಬೇಡಿ. ನಳಿಗೆ ಒರೆಸುವ ಸಲಾಕಿಯನ್ನು ಬುಡದ ಕಡೆಯಿಂದಲೇ ಹಾಕಬೇಕು. ತುದಿಯಿಂದ ಹಾಕಿದರೆ ಗುಂಡು ಕೊನೆಯದಾಗಿ ಮುಟ್ಟಿ ಹೋಗುವ ಬಾಯಿಯ ಅಂಚು ಸವೆದು ಗುರಿ ತಪ್ಪುತ್ತದೆ. ಎಷ್ಟೋ ಹಳೆಯ ಕೋವಿಗಳು ಹಾಳಾದದ್ದು ಗುಂಡು ಹೊಡೆದು ಅಲ್ಲ, ಒರೆಸಿ ಒರೆಸಿ.

ಇನ್ನೆರಡು ಪರೀಕ್ಷೆ ಇವೆ. ತೋಟೆ ಇಲ್ಲದೆ ಸುಮ್ಮನೆ ಟ್ರಿಗರ್ ಎಳೆದು ಟಿಕ್ ಟಿಕ್ ಎನಿಸುವ ಚಟ ನಮ್ಮ ಹುಡುಗರಿಗೆಲ್ಲ ಇದೆ. ರಿಮ್‌ಫೈರಿನಲ್ಲಿ ಅಂಚು ಇಲ್ಲದಿದ್ದರೆ ಮೊಳೆ ಹೋಗಿ ಗುಂಡಿನ ಮನೆಯ ತುಟಿಗೇ ಬಡಿಯಬಹುದು. ಅಲ್ಲಿ ಗುಳಿ ಬಿದ್ದರೆ ತೋಟೆ ಸರಿಯಾಗಿ ಕೂರುವುದಿಲ್ಲ. ಬೋಲ್ಟು ತೆಗೆದು ಆ ತುಟಿಯನ್ನು ನೋಡಿ. ಎರಡನೆಯದು, ಲಾಂಗ್ ರೈಫಲಿನ ಮನೆಯಲ್ಲಿ ವರ್ಷಗಟ್ಟಲೆ ಗಿಡ್ಡ ಶಾರ್ಟ್ ತೋಟೆ ಹೊಡೆದಿದ್ದರೆ ಅದರ ಮುಂದೆ ಒಂದು ಉಂಗುರ ಕೊರೆದುಕೊಂಡು, ಉದ್ದ ತೋಟೆಯ ಚಿಪ್ಪು ಹೊಡೆದ ಮೇಲೆ ಹೊರಗೆ ಬರಲು ತಿಣುಕುತ್ತದೆ. ಇದನ್ನು ಹೊಡೆದೇ ನೋಡಬೇಕು. ಹೊಡೆಯುವ ಕೆಲಸವನ್ನು ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ಬಿಡಿ. ಅವರು ಹೊಡೆದ ಚಿಪ್ಪನ್ನು ಕೇಳಿ ತೆಗೆದುಕೊಂಡು ನೋಡಿ. ಅಂಚಿನ ಮೇಲೆ ಮೊಳೆಯ ಏಟು ಸ್ಪಷ್ಟವಾಗಿರಬೇಕು, ಚಿಪ್ಪು ಸೀಳಿರಬಾರದು, ಬುಡ ಉಬ್ಬಿರಬಾರದು.

ಈಗ ನಂಬರಿನ ವಿಚಾರ. ಇದು ಎಲ್ಲಕ್ಕಿಂತ ಭಾರವಾದದ್ದು. 1959ರ ಶಸ್ತ್ರಾಸ್ತ್ರ ಕಾಯಿದೆಯ 8ನೆಯ ವಿಧಿಯ ಪ್ರಕಾರ ಕೋವಿಯ ಮೇಲಿನ ಮಾಡಿದವರ ಹೆಸರು, ನಂಬರು, ಗುರುತು ಇವನ್ನು ಅಳಿಸುವುದೂ ತಿದ್ದುವುದೂ ಅಪರಾಧ. ಅಷ್ಟೇ ಅಲ್ಲ, ಅಳಿಸಿದ ಕೋವಿ ನಿಮ್ಮ ಹತ್ತಿರ ಸಿಕ್ಕಿದರೆ ಅಳಿಸಿದವರು ನೀವೇ ಎಂದು ಕಾಯಿದೆ ಮೊದಲೇ ಎಣಿಸಿಕೊಳ್ಳುತ್ತದೆ. ಅಲ್ಲ ಎಂದು ತೋರಿಸುವ ಹೊರೆ ನಿಮ್ಮ ತಲೆಯ ಮೇಲೆ. ನಳಿಗೆಯ ನೀಲಿ ಬಣ್ಣ ಮಾಸಿ ಬೂದಿಯಾಗಿದ್ದರೆ ಇರಲಿ ಬಿಡಿ. ಹಿಡಿದು ನಡೆದ ಜಾಗದಲ್ಲಿ ಮಾತ್ರ ಬಣ್ಣ ಹೋಗಿ, ಬೋಲ್ಟಿನ ಗುಂಡಿ ಬೆಳ್ಳಗಾಗಿದ್ದರೆ ಅದು ಯಾರೋ ಮರ್ಯಾದೆಯಿಂದ ಬಳಸಿದ ಕೋವಿ ಎಂದು ತಿಳಿದವರಿಗೆ ಗೊತ್ತಾಗುತ್ತದೆ. ಉಜ್ಜಿ ಹೊಳಪು ಕೊಟ್ಟದ್ದನ್ನು ಕಂಡರೆ ತಿಳಿದವರು ದೂರ ಸರಿಯುತ್ತಾರೆ.

ಒಂದು ಮಾತು ಸೇರಿಸಬೇಕು. 1968ಕ್ಕೆ ಹಿಂದೆ ಅಮೆರಿಕದಲ್ಲಿ ಮಾಡಿದ ಎಷ್ಟೋ ಟೂ-ಟೂಗಳಿಗೆ ಕಂಪನಿಯೇ ನಂಬರು ಹಾಕುತ್ತಿರಲಿಲ್ಲ. ಅಂಥದ್ದು ಕಂಡರೆ ಕಳ್ಳಮಾಲು ಎಂದು ಹೆದರಬೇಡಿ, ಕೊಳ್ಳಲೂ ಅವಸರಪಡಬೇಡಿ. ಲೈಸೆನ್ಸ್ ಪುಸ್ತಕದಲ್ಲಿ ಅದನ್ನು ಹೇಗೆ ಗುರುತಿಸಿದ್ದಾರೆಂದು ಮೊದಲು ನೋಡಿ.

ಕಾಗದಪತ್ರದ ಕ್ರಮ ಹೀಗೆ. ಕೊಳ್ಳುವವರಿಗೆ ಆ ಕೋವಿಗೆ ಸಲ್ಲುವ ಲೈಸೆನ್ಸ್ ಇರಬೇಕು. ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಅವರಲ್ಲಿಯೂ ವಿನಾಯಿತಿ ಪತ್ರದಲ್ಲಿ ಕೋವಿ ದಾಖಲಾಗಬೇಕು. ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರೆದು ತಿಳಿಸಿ 45 ದಿನ ಕಳೆದ ಮೇಲೆಯೇ ಕೋವಿ ಕೈ ಬದಲಾಗಬೇಕು. ಮನೆಯ ಹಿರಿಯರು ತೀರಿಕೊಂಡು ಕೋವಿ ಉಳಿದಿದ್ದರೆ ಅಟ್ಟದಲ್ಲಿ ಬಚ್ಚಿಡಬೇಡಿ, ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಇಟ್ಟು ರಸೀತಿ ಪಡೆದು ಆಮೇಲೆ ಅರ್ಜಿ ಹಾಕಿ.

ನಮ್ಮ ಯಜಮಾನರು ಇದೆಲ್ಲವನ್ನೂ ಚಾಚೂ ತಪ್ಪದೆ ಮಾಡಿದ್ದರು. 45 ದಿನ ಕಾದಿದ್ದರು, ದಾಖಲೆಯೂ ಆಗಿತ್ತು. ಮಗನ ಉಪ್ಪುಕಾಗದ ಇನ್ನು ಹತ್ತು ಸಲ ಆಡಿದ್ದರೆ ಅಷ್ಟೂ ಮಣ್ಣಾಗುತ್ತಿತ್ತು. ಕೊನೆಯ ಎರಡಂಕಿ ಮಸುಕಾಗಿದ್ದವು. ಟಾರ್ಚನ್ನು ಅಡ್ಡಲಾಗಿ ಹಿಡಿದು ನೋಡಿದಾಗ ಒಂದು ಏಳು, ಒಂದು ಮೂರು ಕಂಡವು; ಮಾರಿದವರ ಹಳೆಯ ಪುಸ್ತಕದಲ್ಲಿಯೂ ಅದೇ ಇತ್ತು. ಮರುದಿನ ನಾನೂ ಅವರೂ ಠಾಣೆಗೆ ಹೋಗಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟೆವು. ಆ ಎರಡು ಕಿಲುಬು ತೋಟೆಗಳನ್ನೂ ಒಪ್ಪಿಸಿ ರಸೀತಿ ಪಡೆದೆವು.

ಗೋಣಿತಟ್ಟು ತೇವ ಹೀರುತ್ತದೆಂದು ಹೇಳಿದ್ದಕ್ಕೆ ಅದನ್ನು ತೆಗೆದುಹಾಕಿದ್ದಾರೆ. ಈಗ ಕೋವಿ ಬೀಗ ಹಾಕಿದ ಮರದ ಬೀರುವಿನಲ್ಲಿದೆ, ಬೋಲ್ಟು ಬೇರೆ ಪೆಟ್ಟಿಗೆಯಲ್ಲಿ, ಎರಡರ ಬೀಗದ ಕೈಯೂ ಮನೆಯಾಕೆಯ ಸೊಂಟದಲ್ಲಿ. ಆ ಸಲದ ಪಂದ್ಯಕ್ಕೆ ಅವರು ಅದನ್ನು ಒಯ್ಯಲಿಲ್ಲ. ರಿಪೇರಿಯವರು ನೋಡಿ ಆಗಲಿ ಎಂದು ಕಾದರು. ಹುಡುಗ ಉಳಿದ ಉಪ್ಪುಕಾಗದದಲ್ಲಿ ಗುದ್ದಲಿಯ ಹಿಡಿ ಉಜ್ಜುತ್ತಿದ್ದುದನ್ನು ಮಣ್ಣಿನ ವರದಿ ಕೊಡಲು ಹೋದಾಗ ಕಂಡೆ. ಅಂದ ಹಾಗೆ ಆ ತೋಟದ ಮಣ್ಣಿಗೆ ಸುಣ್ಣ ಬೇಕಾಗಿದೆ. ಮುಂದಿನ ವಾರ ಅದರ ಮಾತು.